ರಾಷ್ಟ್ರ ಹುಟ್ಟಿದ್ದು ರಕ್ತದಲ್ಲೋ, ಮತದಲ್ಲೋ?

ಪ್ರತಿವರ್ಷ ಏಪ್ರಿಲ್ 25ರಂದು ಆಸ್ಟ್ರೇಲಿಯಾದ ಊರೂರುಗಳಲ್ಲಿ ಜನರು ನಸುಕಿನಲ್ಲೇ ಯುದ್ಧಸ್ಮಾರಕಗಳ ಮುಂದೆ ಸೇರಿ ಮೌನವಾಗಿ ನಿಲ್ಲುತ್ತಾರೆ. 1915ರ ಆ ದಿನ ತುರ್ಕಿಯ ಗ್ಯಾಲಿಪೊಲಿ ತೀರದಲ್ಲಿ ಇಳಿದ ತರುಣರ ನೆನಪು ಅದು. ಆ ತೀರದಲ್ಲೇ ತಮ್ಮ ರಾಷ್ಟ್ರ ಹುಟ್ಟಿತೆಂದು ಅಲ್ಲಿ ತಲೆಮಾರುಗಳಿಂದ ಹೇಳುತ್ತ ಬಂದಿದ್ದಾರೆ. ಸತ್ತವರಿಗೆ ನಮ್ಮ ನಮಸ್ಕಾರವೂ ಸಲ್ಲಲಿ. ಆದರೆ ಈ ಮಾತು ಅರ್ಧಸತ್ಯವೆಂದು ಹೇಳದೆ ವಿಧಿಯಿಲ್ಲ.

ಆರು ವಸಾಹತುಗಳು ಕೂಡಿ ಆಸ್ಟ್ರೇಲಿಯಾ ಒಂದಾದದ್ದು 1901ರಲ್ಲಿ. 1914ರ ಆಗಸ್ಟ್‌ನಲ್ಲಿ ಬ್ರಿಟನ್ ಯುದ್ಧ ಸಾರಿದೊಡನೆ ಈ ಎಳೆಯ ದೇಶವೂ ಯುದ್ಧಕ್ಕೆ ಬಿದ್ದಿತು. ಅದರ ಪಾರ್ಲಿಮೆಂಟಿನ ಒಪ್ಪಿಗೆಯನ್ನು ಯಾರೂ ಕೇಳಲಿಲ್ಲ. 50 ಲಕ್ಷಕ್ಕೂ ಕಡಿಮೆ ಜನರಿದ್ದ ನಾಡಿನಿಂದ 4 ಲಕ್ಷಕ್ಕೂ ಹೆಚ್ಚು ಮಂದಿ ದಂಡಿಗೆ ಸೇರಿದರು. ಸುಮಾರು 60 ಸಾವಿರ ಮಂದಿ ಮರಳಲಿಲ್ಲ. ಲಂಡನ್ನಿನಲ್ಲಿ ಹೂಡಿದ ಗ್ಯಾಲಿಪೊಲಿಯ ಸಾಹಸವೊಂದೇ ಅವರಲ್ಲಿ 8 ಸಾವಿರ ಜನರನ್ನು ನುಂಗಿ, ಎಂಟು ತಿಂಗಳಲ್ಲಿ ಸೋತು ಮುಗಿಯಿತು.

ಸ್ವಯಂಸೇವಕರು ಸಾಲದಾದಾಗ ಪ್ರಧಾನಿ ಬಿಲ್ಲಿ ಹ್ಯೂಸ್ ಕಡ್ಡಾಯ ಸೈನ್ಯಭರ್ತಿಗೆ ಹೊರಟರು. ಈತ ಹಡಗುಕಟ್ಟೆಯ ಕಾರ್ಮಿಕರ ಮುಂದಾಳಾಗಿದ್ದವರು, ಕಾರ್ಮಿಕ ಪಕ್ಷದವರು! ಬೆಲೆಗಳು ಏರಿದಷ್ಟು ಕೂಲಿ ಏರಿರಲಿಲ್ಲ. ಬಡವನ ಮಗನನ್ನು ಕಡ್ಡಾಯವಾಗಿ ಎಳೆಯುವ ಮೊದಲು ಧನಿಕನ ಐಶ್ವರ್ಯವನ್ನು ಕಡ್ಡಾಯವಾಗಿ ಎಳೆಯಿರಿ ಎಂದು ಕಾರ್ಮಿಕ ಸಂಘಗಳು ಸವಾಲು ಹಾಕಿದವು. 1916ರ ಅಕ್ಟೋಬರ್ 28ರಂದು ಪ್ರಶ್ನೆಯನ್ನು ಜನರ ಮುಂದಿಟ್ಟಾಗ 11,60,033 ಮಂದಿ ಬೇಡವೆಂದರು, 10,87,557 ಮಂದಿ ಬೇಕೆಂದರು. ಹ್ಯೂಸ್ ಪಕ್ಷವನ್ನೇ ಒಡೆದು ವಿರೋಧಿಗಳೊಡನೆ ಕೂಡಿದರು. 1917ರ ಆಗಸ್ಟ್‌ನಲ್ಲಿ ಸಿಡ್ನಿಯ ರೈಲು ಕಾರ್ಖಾನೆಗಳಲ್ಲಿ ಕೆಲಸದ ಹೊತ್ತನ್ನು ಅಳೆಯುವ ಚೀಟಿಯ ವಿರುದ್ಧ ಮುಷ್ಕರ ಎದ್ದು ಗಣಿಗೂ ಬಂದರಿಗೂ ಹಬ್ಬಿತು. ಸರಕಾರ ಅದನ್ನು ಮುರಿಯಿತು. ಆದರೂ ಡಿಸೆಂಬರಿನಲ್ಲಿ ಅದೇ ಪ್ರಶ್ನೆ ಮತ್ತೆ ಬಂದಾಗ, ಬೇಡವೆಂದವರ ಬಹುಮತ 72 ಸಾವಿರದಿಂದ 1,66,000ಕ್ಕೆ ಏರಿತು. ಯುದ್ಧದ ನಟ್ಟನಡುವೆ ಒಂದು ಜನತೆ ಸಾಮ್ರಾಜ್ಯದ ಎದುರು ಎರಡು ಸಲ ತಲೆ ಅಲ್ಲಾಡಿಸಿತು. ಇದು ರಾಷ್ಟ್ರದ ಹುಟ್ಟಲ್ಲವೆ?

ಆದರೆ ನಮ್ಮವರ ತಪ್ಪನ್ನು ಮುಚ್ಚುವುದು ನಮ್ಮ ಪದ್ಧತಿಯಲ್ಲ. ಬಿಳಿಯರು ಯುದ್ಧಕ್ಕೆ ಹೋದರೆ ಕಪ್ಪು, ಹಳದಿ ಬಣ್ಣದ ಕೂಲಿಗಳು ಬಂದು ಕೆಲಸ ಕಸಿಯುವರೆಂಬ ಭಯವನ್ನೂ ಬೇಡವೆಂದವರು ಬಿತ್ತಿದ್ದರು. ಆ ಮಣ್ಣಿನ ಮೂಲನಿವಾಸಿಗಳೂ ಯುದ್ಧದಲ್ಲಿ ಕಾದಿದರು. ಮರಳಿದ ಯೋಧರಿಗೆ ಭೂಮಿ ಹಂಚುವಾಗ ಅವರಲ್ಲಿ ಬಹುತೇಕರಿಗೆ ಏನೂ ದೊರೆಯಲಿಲ್ಲ. 1919ರ ಪ್ಯಾರಿಸ್ ಸಭೆಯಲ್ಲಿ ಸತ್ತವರ ಹೆಸರು ಹೇಳಿ ತನ್ನ ದೇಶದ ಮಾತಿಗೆ ಬೆಲೆ ಕೇಳಿದ ಹ್ಯೂಸ್, ಜಪಾನ್ ತಂದ ಜನಾಂಗ ಸಮಾನತೆಯ ಸೂಚನೆಯನ್ನು ಹಟ ಹಿಡಿದು ವಿರೋಧಿಸಿದರು. ಅನ್ಯರನ್ನು ಹೊರಗಿಟ್ಟು ಕಟ್ಟಿದ ರಾಷ್ಟ್ರೀಯತೆ ಅಷ್ಟರಮಟ್ಟಿಗೆ ಕುಂಟು.

ಈ ಕಥೆ ನಮಗೆ ತೀರ ದೂರದ್ದೂ ಅಲ್ಲ. 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣಕ್ಕೆ ನುಗ್ಗಿದ ಮೈಸೂರು ಲ್ಯಾನ್ಸರ್ಸ್ ಸವಾರರು ಆಸ್ಟ್ರೇಲಿಯಾದ ದಂಡನಾಯಕ ಶಾವೆಲ್ ಅವರ ಅಶ್ವದಳದಲ್ಲೇ ಇದ್ದರು. ಆಸ್ಟ್ರೇಲಿಯಾದ ಕೂಲಿಕಾರನಿಗೆ ಬೇಡವೆನ್ನಲು ಮತಚೀಟಿಯಿತ್ತು. ಮೈಸೂರಿನ ರೈತನ ಮಗನಿಗೆ ಅಪ್ಪಣೆಯೊಂದೇ ಇತ್ತು.

ರಣವಾದ್ಯ ಮೊಳಗಿದಾಗಲೆಲ್ಲ, ದೇಶವೆಂದರೆ ರಕ್ತವೆಂದು ಹೇಳುವವರು ಎದ್ದು ಬರುತ್ತಾರೆ. ಗಿರಣಿಯ ಬಂಧುಗಳೂ ಅಂಗಡಿಯ ಗೆಳೆಯರೂ ಆಗ ಮೂರು ಮಾತು ಕೇಳಬೇಕು: ಯುದ್ಧ ಯಾರದು? ಸಾಯುವವರು ಯಾರು? ನಮ್ಮನ್ನು ಕೇಳಿದವರು ಯಾರು? ಕೇಳುವ ಧೈರ್ಯವುಳ್ಳ ಜನರೇ ರಾಷ್ಟ್ರ.