ಮಾತು ನಿಂತದ್ದು ಎಲ್ಲಿ?

ತೇರದಾಳದ ಪೇಟೆಯಲ್ಲಿ ಒಂದು ಸೀರೆ ಅಂಗಡಿ ಇದೆ ಎಂದುಕೊಳ್ಳಿ. ಲೆಕ್ಕವೆಲ್ಲ ಗಲ್ಲೆಯ ಬದಿಯ ಕಂಪ್ಯೂಟರಿನಲ್ಲಿ. ಮಗ ಬೆಂಗಳೂರಿನಲ್ಲಿ ನೌಕರಿಯಲ್ಲಿದ್ದಾನೆ. ರಾತ್ರಿ ಅಲ್ಲಿಂದಲೇ ಇಂಟರ್‌ನೆಟ್ ಮೂಲಕ ಈ ಕಂಪ್ಯೂಟರನ್ನು ತೆರೆದು ಲೆಕ್ಕ ನೋಡುತ್ತಾನೆ. ಮರುದಿನ ತೆರಿಗೆ ಲೆಕ್ಕ ಸಲ್ಲಿಸಲು ಕಡೆಯ ದಿನ. ಆ ರಾತ್ರಿಯೇ ಪರದೆಯ ಮೇಲೆ ‘ಉತ್ತರ ಬರಲಿಲ್ಲ’ ಎಂಬ ಸಾಲು!

ಮಗ ಗಾಬರಿಯಾದ. ತನ್ನ ಕಡೆಯ ಪ್ರೋಗ್ರಾಮನ್ನು ಅಳಿಸಿ ಮತ್ತೆ ಹಾಕಿದ. ಕೈಗೆ ಸಿಕ್ಕ ಏರ್ಪಾಟುಗಳನ್ನೆಲ್ಲ ಬದಲಿಸಿದ. ಮೂರು ತಾಸು ಕಳೆದ ಮೇಲೆ ಮನೆಗೆ ಫೋನು ಮಾಡಿದ.

“ಅಪ್ಪಾ, ಇವತ್ತ ಅಂಗಡ್ಯಾಗ ಕರೆಂಟ್ ಹೋಗಿತ್ತೇನ್ರಿ?”

“ಹೂಂ, ಬಾಗ್ಲಾ ಹಾಕೂ ಮುಂದ ಹೋತು. ಆಮ್ಯಾಲೆ ಬಂದಿರಬೇಕ ನೋಡಪಾ.”

ಕರೆಂಟ್ ಬಂದಿತ್ತು. ಆದರೆ ಆರಿಹೋದ ಕಂಪ್ಯೂಟರಿನ ಗುಂಡಿ ಒತ್ತುವವರು ಅಲ್ಲಿ ಯಾರೂ ಇರಲಿಲ್ಲ!

ದೂರದ ಗಣಕದೊಡನೆ ಮಾತನಾಡುವುದೆಂದರೆ ಒಂದು ಸರಪಳಿ. ನಮ್ಮ ಯಂತ್ರ, ನಮ್ಮ ಮನೆಯ ಲೈನು, ಊರುಗಳ ನಡುವಿನ ಜಾಲ, ಆ ಕಡೆಯ ಲೈನು, ಆ ಯಂತ್ರ, ಕೊನೆಗೆ ಪಾಸ್‌ವರ್ಡ್. ಕೊಂಡಿಗಳನ್ನು ಒಂದೊಂದಾಗಿ, ಹತ್ತಿರದಿಂದ ದೂರಕ್ಕೆ ಪರೀಕ್ಷಿಸಬೇಕು. ಇದಕ್ಕೆ ‘ಪಿಂಗ್’ ಎಂಬ ಪುಟ್ಟ ಪ್ರೋಗ್ರಾಮ್ ಇದೆ. ಅಮೆರಿಕದ ಮೈಕ್ ಮೂಸ್ 1983ರ ಡಿಸೆಂಬರಿನಲ್ಲಿ ಅದನ್ನು ಬರೆದರು. ನೀರೊಳಗೆ ಶಬ್ದ ಕಳಿಸಿ ಪ್ರತಿಧ್ವನಿ ಕೇಳುವ ಸೋನಾರ್ ಯಂತ್ರದ ಸದ್ದಿನಿಂದ ಈ ಹೆಸರು ಬಂತು. ‘ಇದ್ದೀಯಾ?’ ಎಂದು ಕೂಗುವುದು, ‘ಇದ್ದೇನೆ’ ಎಂಬ ಉತ್ತರಕ್ಕೆ ಕಾಯುವುದು, ಇಷ್ಟೇ ಅದರ ಕೆಲಸ. ಕೆಲವು ಯಂತ್ರಗಳಿಗೆ ಉತ್ತರಿಸಬೇಡವೆಂದು ಮೊದಲೇ ಹೇಳಿರುತ್ತಾರೆ. ಆದ್ದರಿಂದ ಮೌನವೆಲ್ಲ ಸಾವಲ್ಲ.

ಪರದೆಯ ಮಾತನ್ನೂ ಗಮನವಿಟ್ಟು ಓದಬೇಕು. ‘ಪಾಸ್‌ವರ್ಡ್ ತಪ್ಪು’ ಎಂದರೆ ದಾರಿಯೆಲ್ಲ ಸರಿಯಿದೆ. ‘ನಿರಾಕರಿಸಲಾಗಿದೆ’ ಎಂದರೆ ಕೂಗು ಆ ಕಡೆಗೆ ಮುಟ್ಟಿದೆ, ಒಳಗೆ ಬಿಟ್ಟುಕೊಳ್ಳುತ್ತಿಲ್ಲ ಅಷ್ಟೆ. ‘ಉತ್ತರ ಬರಲಿಲ್ಲ’ ಎಂದರೆ ಮೊದಲು ಕರೆಂಟ್ ಮತ್ತು ಲೈನು ವಿಚಾರಿಸಿ.

ಗುಂಡಿ ಒತ್ತಲು ಯಾರೂ ಹೋಗಲಾರದ ಕಡೆ ಗಣಕವಿದ್ದರೆ? 1977ರ ಆಗಸ್ಟ್ 20ರಂದು ಹೊರಟ ವಾಯೇಜರ್-2 ನೌಕೆಯ ಕಥೆ ಹಾಗೆಯೇ ಆಯಿತು. ಅದರಲ್ಲಿರುವ ಚಿನ್ನದ ಲೇಪದ ತಟ್ಟೆಯಲ್ಲಿ 55 ಭಾಷೆಗಳ ಶುಭಾಶಯಗಳಿವೆ, ಕನ್ನಡವೂ ಒಂದು. 2023ರ ಜುಲೈ 21ರಂದು ಭೂಮಿಯಿಂದ ಹೋದ ಒಂದು ತಪ್ಪು ಆಜ್ಞೆಯಿಂದ ಅದರ ಆ್ಯಂಟೆನಾ 2 ಡಿಗ್ರಿ ಅತ್ತ ತಿರುಗಿತು. ಮಾತು ನಿಂತಿತು. ಆಗ ನೌಕೆ ಇದ್ದದ್ದು ಸುಮಾರು 1,990 ಕೋಟಿ ಕಿ.ಮೀ. ದೂರದಲ್ಲಿ!

ಎಂಜಿನಿಯರುಗಳು ಮೊದಲು ಕೇಳಿದ್ದು ಒಂದೇ ಪ್ರಶ್ನೆ: ಅದು ಜೀವಂತ ಇದೆಯೇ? ಹಲವು ಆ್ಯಂಟೆನಾಗಳನ್ನು ಕೂಡಿಸಿ ಆಲಿಸಿದಾಗ ಕ್ಷೀಣವಾದ ಅಲೆ ಸಿಕ್ಕಿತು. ಯಂತ್ರ ಸರಿಯಿದೆ, ದಿಕ್ಕು ಮಾತ್ರ ತಪ್ಪಿದೆ ಎಂದಾಯಿತು. ಆಸ್ಟ್ರೇಲಿಯದ ಕ್ಯಾನ್‌ಬೆರಾದಿಂದ ಬಲವಾದ ಸಂಕೇತದಲ್ಲಿ ‘ಇತ್ತ ತಿರುಗು’ ಎಂದು ಕೂಗಿದರು. ಕೂಗು ಮುಟ್ಟಲು ಹದಿನೆಂಟೂವರೆ ತಾಸು, ಉತ್ತರ ಬರಲು ಮತ್ತಷ್ಟೇ. ಆಗಸ್ಟ್ 4ರಂದು ಮಾಹಿತಿ ಮತ್ತೆ ಹರಿದುಬಂತು.

ಆ ಕೂಗು ಮುಟ್ಟದಿದ್ದರೂ ಆಸೆ ಬಿಡುವಂತಿರಲಿಲ್ಲ. ವರ್ಷದಲ್ಲಿ ಕೆಲವು ಬಾರಿ ತಾನೇ ಭೂಮಿಯ ಕಡೆ ಮುಖ ಸರಿಪಡಿಸಿಕೊಳ್ಳುವಂತೆ ನೌಕೆಗೆ ಮೊದಲೇ ಹೇಳಿಡಲಾಗಿತ್ತು. ಮುಂದಿನ ಸರದಿ ಅಕ್ಟೋಬರ್ 15ಕ್ಕಿತ್ತು.

ಅಂಗಡಿಯ ಕಂಪ್ಯೂಟರಿಗೂ ಇಂಥ ಉಪಾಯವಿದೆ. ಕರೆಂಟ್ ಬಂದೊಡನೆ ತಾನೇ ಚಾಲೂ ಆಗುವ ಏರ್ಪಾಟು ಬಹಳಷ್ಟು ಮೇಜಿನ ಕಂಪ್ಯೂಟರುಗಳಲ್ಲಿ ಇರುತ್ತದೆ. ಒಮ್ಮೆ ಗುರುತು ಮಾಡಿಟ್ಟರೆ ಸಾಕು. ಅಪ್ಪ ನಡುರಾತ್ರಿ ಕೀಲಿಕೈ ಹಿಡಿದು ಪೇಟೆಗೆ ನಡೆಯುವುದು ತಪ್ಪುತ್ತದೆ.