ಹನಿ ನೀರಾವರಿಯ ಪಾಠ ಬೇಕು, ಅದರ ಪೈಪು ಬೇಡ



ತೋಟದ ನೀರಾ, ಪುನರ್ಪುಳಿ ಪಾನಕ, ಮಜ್ಜಿಗೆ ಇವನ್ನು ನಲ್ಲಿಯಿರುವ ಕ್ಯಾನಿನಲ್ಲಿ ತುಂಬಿ, ಜಾತ್ರೆಯಲ್ಲೋ ರಸ್ತೆ ಬದಿಯಲ್ಲೋ ತಾವೇ ಮಾರುವ ರೈತರು ಅಲ್ಲಲ್ಲಿ ಕಾಣಸಿಗುತ್ತಾರೆ. ಬೆಳೆದವನೇ ಮಾರುವುದು ಸಂತೋಷದ ಸಂಗತಿ. ಆದರೆ ಕ್ಯಾನಿಗೂ ಕುಡಿಯುವವರ ಲೋಟಕ್ಕೂ ನಡುವೆ ಇರುವ ನಲ್ಲಿ ಮತ್ತು ಕೊಳವೆಯ ಕಡೆಗೆ ನಮ್ಮ ಗಮನ ಸಾಲದು ಎಂಬುದು ನನ್ನ ಅಭಿಪ್ರಾಯ.

ನಲ್ಲಿ ತಿರುಗಿಸಿದೊಡನೆ ಪಾನೀಯ ರಭಸದಿಂದ ನುಗ್ಗುತ್ತದೆ. ಲೋಟದಲ್ಲಿ ಅರ್ಧ ನೊರೆ, ಇನ್ನಷ್ಟು ನೆಲದ ಪಾಲು. ಇದನ್ನು ತಡೆಯಲು ನಲ್ಲಿಯ ಬಾಯಿಗೆ ಸೈಕಲ್ ಟ್ಯೂಬಿನ ತುಂಡು ಕಟ್ಟುವವರುಂಟು, ಬಟ್ಟೆ ತುರುಕುವವರುಂಟು. ನಾನೂ ಹಿಂದೊಮ್ಮೆ ಮೇಳವೊಂದರಲ್ಲಿ ತೋಟದಲ್ಲಿ ಉಳಿದಿದ್ದ ಹನಿ ನೀರಾವರಿಯ ಸಣ್ಣ ಕೊಳವೆಯನ್ನು ಪಾನಕದ ಕ್ಯಾನಿಗೆ ಸಿಕ್ಕಿಸಿದ್ದೆ. ಹರಿವು ಸೊಗಸಾಗಿ ನಿಧಾನವಾಯಿತು. ಒಬ್ಬ ಅಜ್ಜಿ ಮಾತ್ರ ಒಂದು ಗುಟುಕು ಕುಡಿದು ಲೋಟ ಕೆಳಗಿಟ್ಟು, “ಈ ಕೊಳವೆ ಎಲ್ಲಿಯದಪ್ಪಾ?” ಎಂದು ಕೇಳಿದರು. ಅದೇ ಕೊಳವೆಯಲ್ಲಿ ಗಿಡಗಳಿಗೆ ಗೊಬ್ಬರದ ನೀರು ಹರಿದದ್ದು ನನಗೆ ಆಗ ನೆನಪಾಯಿತು. ಉಳಿದ ಪಾನಕವನ್ನು ಚೆಲ್ಲಿದೆ. ಅಷ್ಟರಲ್ಲಿ ಎಷ್ಟು ಮಕ್ಕಳು ಕುಡಿದು ಹೋಗಿದ್ದರೋ ಎಂಬ ಅಳುಕು ಇಂದಿಗೂ ಹೋಗಿಲ್ಲ.

ನನ್ನ ತಪ್ಪು ಉಪಾಯದಲ್ಲಿ ಇರಲಿಲ್ಲ, ಸಾಮಗ್ರಿಯಲ್ಲಿ ಇತ್ತು. ನಲ್ಲಿಯನ್ನು ಅರ್ಧ ಮುಚ್ಚಿದರೆ ಒತ್ತಡವೆಲ್ಲ ಒಂದೇ ಸಂದಿಯಲ್ಲಿ ಹಠಾತ್ತನೆ ಇಳಿಯುತ್ತದೆ. ದ್ರವ ಚಿಮ್ಮುತ್ತದೆ, ಕರಗಿದ್ದ ಅನಿಲ ಬಿಟ್ಟುಕೊಂಡು ನೊರೆಯೇಳುತ್ತದೆ. ಕಿರಿದಾದ ಉದ್ದ ಕೊಳವೆಯಲ್ಲಾದರೆ ಒತ್ತಡ ದಾರಿಯುದ್ದಕ್ಕೂ ಸ್ವಲ್ಪ ಸ್ವಲ್ಪವೇ ಸವೆಯುತ್ತದೆ. ಹನಿ ನೀರಾವರಿಯ ಮೈಕ್ರೋಟ್ಯೂಬ್ ಕೆಲಸ ಮಾಡುವುದೂ ಹೀಗೆಯೇ. ಶಾಂತ ಹರಿವಿನಲ್ಲಿ ಕೊಳವೆಯ ಉದ್ದ ಎರಡು ಪಟ್ಟಾದರೆ ಹರಿವು ಅರ್ಧವಾಗುತ್ತದೆ; ಒಳವ್ಯಾಸ ಅರ್ಧವಾದರೆ ಹರಿವು 16ನೆಯ ಒಂದು ಪಾಲಿಗೆ ಇಳಿಯುತ್ತದೆ. ರಭಸದ ಹರಿವಿನಲ್ಲಿ ಇಳಿತ ಇಷ್ಟಿರದಿದ್ದರೂ ದಾರಿ ಅದೇ.

ಅಮೆರಿಕದಲ್ಲಿ ಮನೆಯಲ್ಲೇ ಬಿಯರ್ ತಯಾರಿಸುವ ಹವ್ಯಾಸಿಗಳು ಬಹಳ ಮಂದಿ. ಅಲ್ಲಿನ ಕೇಂದ್ರ ಕಾನೂನು 1979ರಿಂದ ಅದಕ್ಕೆ ಅವಕಾಶ ಕೊಟ್ಟಿದೆ. ನಮ್ಮ ರಾಜ್ಯದಲ್ಲಿ ಪರವಾನಗಿ ಇಲ್ಲದೆ ಅದು ಸಲ್ಲದು. ಮೊದಲು ಸೋಡಾ ಪಾನೀಯಕ್ಕಾಗಿ ಮಾಡಿದ್ದ ಸುಮಾರು 19 ಲೀಟರಿನ ಉಕ್ಕಿನ ಪೀಪಾಯಿಗಳಿಂದ ಅವರು ಅನಿಲದ ಒತ್ತಡದಲ್ಲಿ ಬಿಯರ್ ಬಗ್ಗಿಸುತ್ತಾರೆ. ನೊರೆ ತಡೆಯಲು ಸುಮಾರು 5 ಮಿ.ಮೀ. ಒಳವ್ಯಾಸದ, 3 ಮೀಟರ್ ಉದ್ದದ ಕೊಳವೆ ಅವರಲ್ಲಿ ರೂಢಿ. ಕೆಲವರು ಅಂಟು ಕಲಸಲೆಂದು ಮಾಡಿದ ಪ್ಲಾಸ್ಟಿಕ್ಕಿನ ತಿರುಚು ಕಡ್ಡಿಗಳನ್ನು ಪೀಪಾಯಿಯ ಒಳಕೊಳವೆಗೆ ಇಳಿಬಿಡುತ್ತಾರೆ. ಹರಿವೇನೋ ನಿಧಾನವಾಗುತ್ತದೆ. ಆದರೆ ಅಂಟಿಗಾಗಿ ಮಾಡಿದ ಕಡ್ಡಿ ಆಹಾರಕ್ಕೆ ತಕ್ಕದ್ದೆಂದು ಯಾರು ಹೇಳಬೇಕು? ನನ್ನ ತಪ್ಪೂ ಅವರ ತಪ್ಪೂ ಒಂದೇ ಜಾತಿಯದು.

ಹುಳಿಗೂ ಲೋಹಕ್ಕೂ ಆಗದು ಎಂಬುದು ನಮ್ಮ ಮನೆಯ ಹೆಂಗಸರಿಗೆ ಹೊಸ ಮಾತಲ್ಲ. ಕಲಾಯಿ ಇಲ್ಲದ ಹಿತ್ತಾಳೆ ಪಾತ್ರೆಯಲ್ಲಿ ಹುಳಿ ಇಟ್ಟರೆ ಕಿಲುಬೇಳುತ್ತದೆ ಎಂದು ಅವರು ಬಲ್ಲರು. ಅದೇ ಹಿತ್ತಾಳೆಯ ನಲ್ಲಿಯಲ್ಲಿ ಮಜ್ಜಿಗೆ, ಪುನರ್ಪುಳಿ ಹರಿಸುವಾಗ ನಾವು ಇದನ್ನು ಮರೆಯುತ್ತೇವೆ. ಸಾಮಾನ್ಯ ಹಿತ್ತಾಳೆ ನಲ್ಲಿಯಲ್ಲಿ ತಾಮ್ರವಷ್ಟೇ ಅಲ್ಲ, ಸ್ವಲ್ಪ ಸೀಸವೂ ಇರುವುದುಂಟು. ಸೀಸ ಮಕ್ಕಳ ಮಿದುಳಿಗೆ ಕೇಡು. ಸತುವು ಲೇಪಿಸಿದ ಜಿ.ಐ. ಪಾತ್ರೆಯಲ್ಲಿ ಹುಳಿ ಪಾನೀಯ ಇಟ್ಟರೆ ಸತುವು ಕರಗಿ ವಾಂತಿ, ಹೊಟ್ಟೆನೋವು ಬರಬಹುದು. ತೋಟಕ್ಕೆ ನೀರು ಬಿಡುವ ಮೆದು ಪೈಪಿನಲ್ಲಿ ಮೆದುತನಕ್ಕೆಂದು ಬೆರೆಸಿದ ರಾಸಾಯನಿಕಗಳಿರುತ್ತವೆ. ಅವನ್ನು ಕುಡಿಯುವವರನ್ನು ನೆನೆದು ಬೆರೆಸಿರುವುದಿಲ್ಲ.

ಹಾಗಾದರೆ ಏನು ಮಾಡಬೇಕು? ನಲ್ಲಿ 304 ದರ್ಜೆಯ ತುಕ್ಕುರಹಿತ ಉಕ್ಕಿನದಾಗಿರಲಿ. ಕೊಳವೆ ಆಹಾರ ದರ್ಜೆಯ ಸಿಲಿಕೋನ್ ಅಥವಾ ಪಾಲಿಥಿನ್‌ನದಾಗಿರಲಿ. ಅಂಗಡಿಯವರ ಬಾಯಿಮಾತು ಸಾಲದು. ಲೋಟ ಮತ್ತು ಮುಳ್ಳುಚಮಚದ ಗುರುತನ್ನೋ, ಆಹಾರ ಸಂಪರ್ಕಕ್ಕೆ ಯೋಗ್ಯ ಎಂಬ ಮುದ್ರಿತ ಮಾತನ್ನೋ ನೋಡಿ ಕೊಳ್ಳಿರಿ. ಪಾಲಿಥಿನ್ ಆದರೆ ಐ.ಎಸ್. 10146 ಎಂಬ ಭಾರತೀಯ ಮಾನಕವಿದೆ.

ಕೊಳವೆಗಿಂತ ಮೊದಲು ಖರ್ಚಿಲ್ಲದ ಎರಡು ಉಪಾಯ ಮಾಡಿ ನೋಡಿರಿ. ಒಂದು, ಕ್ಯಾನಿನಲ್ಲಿ ದ್ರವದ ಎತ್ತರ ಕಡಿಮೆ ಮಾಡುವುದು. ನಲ್ಲಿಯ ಮೇಲೆ 80 ಸೆಂ.ಮೀ. ಇರುವಲ್ಲಿ 20 ಸೆಂ.ಮೀ. ಇದ್ದರೆ ಬರಿ ನಲ್ಲಿಯಿಂದ ಬರುವ ವೇಗ ಅರ್ಧಕ್ಕೆ ಇಳಿಯುತ್ತದೆ. ಎತ್ತರದ ಕ್ಯಾನಿಗಿಂತ ಅಗಲದ ಕ್ಯಾನು ಲೇಸು. ಎರಡು, ತಣ್ಣಗಿಡುವುದು. ತಣ್ಣನೆಯ ಪಾನೀಯದಲ್ಲಿ ಅನಿಲ ಕರಗಿಯೇ ಉಳಿಯುವುದರಿಂದ ನೊರೆ ಕಡಿಮೆ. ನೀರಾಕ್ಕಂತೂ ತಂಪೇ ಜೀವಾಳ. ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ನೀರಾವನ್ನು ಮರದ ಮೇಲೆಯೇ ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ ಸಂಗ್ರಹಿಸುವ ವಿಧಾನ ರೂಪಿಸಿದ್ದು ಇದಕ್ಕಾಗಿಯೇ. ಹುದುಗತೊಡಗಿದ ನೀರಾವನ್ನು ಬಿಗಿಯಾಗಿ ಮುಚ್ಚಿಡಲೇಬೇಡಿ. ಒಳಗೆ ಇಂಗಾಲಾಮ್ಲ ವಾಯು ತುಂಬಿ ಕ್ಯಾನು ಸಿಡಿಯಬಹುದು.

ಕಿರಿದಾದ ಕೊಳವೆಗೆ ಒಂದು ದೋಷವಿದೆ, ತೊಳೆಯುವುದು ಕಷ್ಟ. ಸಕ್ಕರೆ, ಕೆನೆ ಒಳಗೆ ನಿಂತರೆ ಒಂದೇ ರಾತ್ರಿಯಲ್ಲಿ ಲೋಳೆಗಟ್ಟುತ್ತದೆ. ಮಾರಾಟ ಮುಗಿದ ಕೂಡಲೆ ತಣ್ಣೀರು ಹರಿಸಿ, ನಂತರ ಬಿಸಿನೀರಿಗೆ ತೊಳೆಯುವ ಸೋಡಾ ಬೆರೆಸಿ ಹರಿಸಿ, ಮತ್ತೆ ಶುದ್ಧ ನೀರಿನಿಂದ ತೊಳೆದು ನೇತುಹಾಕಿ ಒಣಗಿಸಿರಿ. ಒಳಮೈ ಮಬ್ಬಾದರೆ, ವಾಸನೆ ಹೋಗದಿದ್ದರೆ ಎಸೆದುಬಿಡಿ. ಕೊತ್ತಂಬರಿ, ಕರಿಬೇವು ಹಾಕಿದ ಮಜ್ಜಿಗೆಗೆ ಸಣ್ಣ ಕೊಳವೆ ಬೇಡವೇ ಬೇಡ, ಕಟ್ಟಿಕೊಳ್ಳುತ್ತದೆ. ಅದಕ್ಕೆ ಅಗಲ ಕ್ಯಾನು, ಉಕ್ಕಿನ ನಲ್ಲಿ ಸಾಕು.

ಆನೆ ಕೊಂಡವನು ಅಂಕುಶಕ್ಕೆ ಚೌಕಾಸಿ ಮಾಡಿದಂತೆ ಆಗಬಾರದು. ಮರ ನೆಟ್ಟು, ವರ್ಷಗಟ್ಟಲೆ ಸಾಕಿ ಪಡೆದ ರಸವನ್ನು ಕೊನೆಯ ಒಂದು ಮೊಳದಲ್ಲಿ ಕೆಡಿಸುವುದು ಯಾವ ಲಾಭ? ನಮ್ಮ ಪಾನೀಯ ಬಾಟಲಿಯದಕ್ಕಿಂತ ಶುದ್ಧವೆಂದು ನಂಬಿಯೇ ಜನ ನಮ್ಮ ಬಳಿ ಬರುತ್ತಾರೆ. ನಾಳೆ ಕ್ಯಾನಿಗೆ ತುಂಬುವ ಮೊದಲು ನಿಮ್ಮ ನಲ್ಲಿ, ಕೊಳವೆಗಳನ್ನು ಕೈಯಲ್ಲಿ ಹಿಡಿದು ಆ ಅಜ್ಜಿ ಕೇಳಿದ ಪ್ರಶ್ನೆಯನ್ನೇ ಕೇಳಿಕೊಳ್ಳಿರಿ: ಇದು ಎಲ್ಲಿಯದು? ಉತ್ತರ ಗೊತ್ತಿಲ್ಲದಿದ್ದರೆ ಅದು ತೋಟಕ್ಕಿರಲಿ, ಲೋಟಕ್ಕೆ ಬೇಡ.