ಇಂಜಿನಿಗೆ ಕೊಳವೆಬಾವಿಯ ನೀರು ಬೇಡ

ನಮ್ಮ ಹಿಂದೂಪುರ, ಕಲ್ಯಾಣದುರ್ಗದ ಕಡೆ ಮಳೆ ಕಡಿಮೆ. ಬಹುಮಂದಿಗೆ ಕೊಳವೆಬಾವಿಯೇ ಗತಿ. ಆ ನೀರು ಗಡಸು ಎಂಬುದಕ್ಕೆ ಹಂಡೆಯ ತಳದಲ್ಲಿ ಕಟ್ಟುವ ಬಿಳಿಯ ಗಟ್ಟಿಯೇ ಸಾಕ್ಷಿ. ಟ್ರಾಕ್ಟರು, ಲಾರಿಗಳ ರೇಡಿಯೇಟರಿನಲ್ಲಿಯೂ ಇದೇ ನಡೆಯುತ್ತದೆ. ನೀರು ಕಾದಾಗ ಕರಗಿದ್ದ ಸುಣ್ಣದಂಶ ಬೇರ್ಪಟ್ಟು ಸಣ್ಣ ಕೊಳವೆಗಳಲ್ಲಿ ಕಟ್ಟಿಕೊಳ್ಳುತ್ತದೆ. ಶಾಖ ಹೊರಹೋಗದೆ ಇಂಜಿನು ಕಾದು ಗ್ಯಾಸ್ಕೆಟ್ ಸುಡುತ್ತದೆ. ಶೇಂಗಾ ಸಾಗಿಸುವ ಕಾಲದಲ್ಲಿ ಗಾಡಿ ನಿಂತರೆ ನಷ್ಟ ಯಾರಿಗೆ?

ಚಳಿದೇಶಗಳಲ್ಲಿ ಡೀಸೆಲ್ ಲಾರಿಯ ಚಾಲಕನನ್ನು ಬೆಚ್ಚಗಿಡುವ ಹೀಟರ್ ಕೋರ್ ಎಂಬ ಪುಟ್ಟ ರೇಡಿಯೇಟರನ್ನು ಮನೆಯಲ್ಲಿಯೇ ತೊಳೆದುಕೊಳ್ಳುವವರುಂಟು. ಅದೇ ಕ್ರಮ ನಮಗೂ ಸಲ್ಲುತ್ತದೆ. ಇಂಜಿನು ಪೂರ್ಣ ತಣಿದ ಮೇಲೆಯೇ ಮುಚ್ಚಳ ತೆಗೆಯತಕ್ಕದ್ದು. ಬಿಸಿಯಿದ್ದರೆ ಕುದಿನೀರು ಮುಖಕ್ಕೆ ಹಾರೀತು. ಹಳೆಯ ದ್ರವವನ್ನು ಪಾತ್ರೆಗೆ ಬಸಿದು, ಹೋಸುಗಳನ್ನು ಬಿಚ್ಚಿ, ಎಂದಿನ ಹರಿವಿಗೆ ಎದುರಾಗಿ ಮೆಲ್ಲನೆ ನೀರು ಬಿಡಬೇಕು. ತಿಳಿನೀರು ಬರುವ ತನಕ ಬಿಡಿರಿ. ಪಂಪಿನ ರಭಸ ಬೇಡ. ಕಾಸ್ಟಿಕ್ ಸೋಡವಂತೂ ಬೇಡವೇ ಬೇಡ, ಅದು ಅಲ್ಯೂಮಿನಿಯಮ್ಮನ್ನು ತಿನ್ನುತ್ತದೆ. ಗಟ್ಟಿಯಾಗಿ ಕಚ್ಚಿಕೊಂಡ ಸುಣ್ಣ ಇದರಿಂದ ಬಿಡದು. ಅದಕ್ಕೆ ಮೆಕ್ಯಾನಿಕ್ಕೇ ಬೇಕು. ಕೊನೆಗೆ ತಯಾರಕರ ಪುಸ್ತಕದಲ್ಲಿ ಹೇಳಿದ ಕೂಲೆಂಟನ್ನು ಬಟ್ಟಿಯಿಳಿಸಿದ ನೀರಿನಲ್ಲಿ ಬೆರೆಸಿ ತುಂಬಿರಿ.

ಬಸಿದ ಕೂಲೆಂಟನ್ನು ಕಾಲುವೆಗೆ ಚೆಲ್ಲಬಾರದು. ಸಾಮಾನ್ಯವಾಗಿ ಅದರಲ್ಲಿರುವ ಎಥಿಲೀನ್ ಗ್ಲೈಕಾಲ್ ಸಿಹಿಯಾದ ವಿಷ. ಕುಡಿದ ದನ, ನಾಯಿ ಸಾಯಬಹುದು. ಮಕ್ಕಳ ಕೈಗೂ ಸಿಗಬಾರದು. ಮುಚ್ಚಿದ ಡಬ್ಬದಲ್ಲಿಟ್ಟು ಗ್ಯಾರೇಜಿಗೆ ಒಪ್ಪಿಸುವುದು ಮೇಲು.

ಕೆಲವು ಲೀಟರು ಒಳ್ಳೆಯ ನೀರಿಗೆ ಜಿಪುಣತನ ಮಾಡಿ ಇಂಜಿನಿಗೆ ಸಾವಿರಾರು ರೂಪಾಯಿ ತೆರುವುದು ಒಕ್ಕಲುತನವಲ್ಲವೆಂಬುದು ನಮ್ಮ ಅಭಿಪ್ರಾಯ. ಎತ್ತಿಗೆ ಕೊಳಕು ನೀರು ಕುಡಿಸದ ರೈತ ಇಂಜಿನಿಗೇಕೆ ಕುಡಿಸಬೇಕು?